ಶಾಲೆಯ ರಜೆ ಬೇರೆ, ಮೇಷ್ಟರ ರಜೆ ಬೇರೆ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಮೆಟ್ರಿಕ್‌ವರೆಗೆ ಓದಿದವನು. ಗಿರಣಿಯಲ್ಲಿ ಹಾಜರಿ ಪುಸ್ತಕ, ರಜೆ ಪುಸ್ತಕ ಬರೆಯುವುದು ನನ್ನ ಕಸುಬು. ವಿದ್ವಾಂಸರಂತೆ ಮಾತನಾಡಲು ನನ್ನಿಂದಾಗದು; ಆದರೆ ರಜೆಯ ಲೆಕ್ಕ ಮಾತ್ರ ತಕ್ಕಮಟ್ಟಿಗೆ ಬರುತ್ತದೆ. ಆದುದರಿಂದ ರಜೆಯ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಮ್ಮ ನಿಮ್ಮ ರಜೆಯಲ್ಲ, ಪರದೇಶಕ್ಕೆ ಹೋಗಿ ಅಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮೇಷ್ಟರ ರಜೆ.

ಇದು ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾವು ಊರು ಬಿಟ್ಟು ಗಿರಣಿಗೆ, ಕಚೇರಿಗೆ ಬಂದವರು. ನಮ್ಮ ಮಕ್ಕಳು, ತಮ್ಮ ತಂಗಿಯರು ಬಿ.ಎ., ಬಿ.ಎಡ್. ಮಾಡಿಕೊಂಡು ಇನ್ನೂ ದೂರಕ್ಕೆ ಹೋಗುವ ಮಾತಾಡುತ್ತಿದ್ದಾರೆ. ಸಂಜೆ ಈ ವಾಚನಾಲಯದ ಮೇಜಿನ ಬಳಿ ಅರ್ಜಿ ತೋರಿಸಲು ಬರುವವರ ಮೊದಲನೆಯ ಪ್ರಶ್ನೆ, ಸಂಬಳ ಎಷ್ಟು? ಎರಡನೆಯದು, ಅಲ್ಲಿ ಶಾಲೆಗೆ ರಜೆ ಎಷ್ಟು ದಿನ? ನಲವತ್ತು ದಿನ ಎಂದು ಯಾರಾದರೂ ಹೇಳಿದರೆ ಸಾಕು, ಮನೆಯಲ್ಲಿ ತಾಯಿ ಆ ನಲವತ್ತು ದಿನದೊಳಗೆ ಮಗಳ ಮದುವೆಯ ಮುಹೂರ್ತ ಹುಡುಕತೊಡಗುತ್ತಾಳೆ. ಪ್ರಶ್ನೆಯೇ ಸ್ವಲ್ಪ ತಪ್ಪಾಗಿದೆ ಎಂಬುದು ನನ್ನ ಅರಿಕೆ. ಶಾಲೆಗೆ ಎಷ್ಟು ರಜೆ ಎಂದು ಕೇಳಿದರೆ ಸಾಲದು. ನನಗೆ ಎಷ್ಟು ರಜೆ, ಆ ದಿನಗಳಿಗೆ ಸಂಬಳ ಉಂಟೋ ಇಲ್ಲವೋ ಎಂದು ಕೇಳಬೇಕು. ಮಗ್ಗ ನಿಂತ ದಿನವೆಲ್ಲ ಗುಮಾಸ್ತನಿಗೂ ರಜೆ ಎಂದು ನಮ್ಮಲ್ಲಿ ಯಾರೂ ತಿಳಿಯುವುದಿಲ್ಲವಷ್ಟೆ?

ಮೊದಲು ಜಪಾನನ್ನು ನೋಡೋಣ. ಅಲ್ಲಿ ಪರದೇಶದ ಇಂಗ್ಲಿಷ್ ಮೇಷ್ಟರು ಹೊಸಬರೇನಲ್ಲ. ಲಫ್ಕಾಡಿಯೋ ಹರ್ನ್ ಎಂಬ ಪ್ರಸಿದ್ಧ ಲೇಖಕರು 1890ರಲ್ಲಿಯೇ ಮತ್ಸುಎ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. 1987ರಲ್ಲಿ ಜಪಾನ್ ಸರಕಾರ ಜೆಟ್ ಎಂಬ ಯೋಜನೆ ಆರಂಭಿಸಿ, ಪರದೇಶದ ಪದವೀಧರರನ್ನು ತನ್ನ ಶಾಲೆಗಳಿಗೆ ಸಹಾಯಕ ಭಾಷಾ ಶಿಕ್ಷಕರನ್ನಾಗಿ ಕರೆಸಿಕೊಳ್ಳತೊಡಗಿತು. ಕರಾರು ಒಂದು ವರ್ಷದ್ದು. ಇಬ್ಬರಿಗೂ ಒಪ್ಪಿಗೆಯಾದರೆ ಐದು ವರ್ಷದವರೆಗೆ ಮುಂದುವರಿಸಬಹುದು.

ಜಪಾನಿನ ಶಾಲಾ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಸಾಮಾನ್ಯವಾಗಿ ಮೂರು ಅವಧಿಗಳು: ಏಪ್ರಿಲಿನಿಂದ ಜುಲೈ, ಸೆಪ್ಟೆಂಬರಿನಿಂದ ಡಿಸೆಂಬರ್, ಜನವರಿಯಿಂದ ಮಾರ್ಚ್. ಜುಲೈ 20ರ ಸುಮಾರಿನಿಂದ ಆಗಸ್ಟ್ ಕೊನೆಯವರೆಗೆ ಬೇಸಿಗೆ ರಜೆ. ಹೊಸ ವರ್ಷಕ್ಕೆ ಸುಮಾರು ಎರಡು ವಾರ, ಮಾರ್ಚ್ ಕೊನೆಯಲ್ಲಿ ಮತ್ತೆ ಹತ್ತು ಹನ್ನೆರಡು ದಿನ. ನಮ್ಮಲ್ಲಿ ಏಪ್ರಿಲ್, ಮೇ ಬಿಸಿಲು ಶಾಲೆಗೆ ಬೀಗ ಹಾಕಿಸುತ್ತದೆ. ಅಲ್ಲಿ ಆಗಸ್ಟಿನ ಸೆಕೆ. ಉತ್ತರದ ಹೊಕ್ಕೈದೋ ದ್ವೀಪದಲ್ಲಿ ಹಿಮ ಬಹಳ, ಆದುದರಿಂದ ಬೇಸಿಗೆ ರಜೆ ಕಿರಿದು, ಚಳಿಗಾಲದ ರಜೆ ಹಿರಿದು. ಒಂದೇ ದೇಶದಲ್ಲಿಯೂ ಲೆಕ್ಕ ಒಂದೇ ಅಲ್ಲ.

ಇಲ್ಲಿಯವರೆಗಿನದು ಮಕ್ಕಳ ರಜೆ. ಈಗ ಮೇಷ್ಟರ ಪುಸ್ತಕ ತೆಗೆಯೋಣ. ಜೆಟ್ ಶಿಕ್ಷಕರಲ್ಲಿ ಹೆಚ್ಚಿನವರು ಜಪಾನಿಗೆ ಬಂದಿಳಿಯುವುದೇ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ. ಹೊಸ ಮೇಷ್ಟರು ಹುರುಪಿನಿಂದ ಶಾಲೆಗೆ ಹೋದರೆ ತರಗತಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಆದರೂ ಹೋಗಲೇಬೇಕು. ಅಲ್ಲಿ ಶಾಲೆಯ ರಜೆಯಲ್ಲಿಯೂ ಶಿಕ್ಷಕರಿಗೆ ಕೆಲಸದ ದಿನವೇ. ಸಹಾಯಕ ಶಿಕ್ಷಕರು ಮೇಜಿನ ಮುಂದೆ ಕುಳಿತು ಪಾಠದ ಸಿದ್ಧತೆ ಮಾಡುತ್ತಾರೆ, ಭಾಷಣ ಸ್ಪರ್ಧೆಗೆ ಹುಡುಗರನ್ನು ತಯಾರು ಮಾಡುತ್ತಾರೆ, ಜಪಾನೀ ಭಾಷೆ ಕಲಿಯುತ್ತಾರೆ. ಊರಿಗೆ ಹೋಗಬೇಕಾದರೆ ತಮ್ಮ ಸ್ವಂತ ಸಂಬಳದ ರಜೆಯಿಂದ ಖರ್ಚು ಹಾಕಬೇಕು. ಅದು ವರ್ಷಕ್ಕೆ ಕನಿಷ್ಠ 10 ದಿನ. ಕೆಲವು ಕಡೆ ಹೆಚ್ಚೂ ಉಂಟು.

ಮಕ್ಕಳಿಗೆ ನಲವತ್ತು, ಮೇಷ್ಟರಿಗೆ ಹತ್ತು. ಈ ಹತ್ತರಲ್ಲಿ ಹೋಗಿ ಬರುವ ಪ್ರಯಾಣವನ್ನು ಕಳೆಯಿರಿ, ಜ್ವರ ಬಂದರೆ ಇರಲೆಂದು ಒಂದೆರಡು ದಿನ ಕೂಡಿಡಿ. ಉಳಿಯುವುದು ಒಂದು ವಾರವೂ ಇಲ್ಲ. ಇದು ನಮಗೆ ಅಪರಿಚಿತ ಲೆಕ್ಕವಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ 20 ದಿನ ದುಡಿದರೆ 1 ದಿನ ರಜೆ ಎಂದು ಗೊತ್ತುಮಾಡಿದ್ದರಲ್ಲ, ವರ್ಷಕ್ಕೆ 240 ದಿನ ದುಡಿದವನಿಗೆ ಅದರಂತೆ 12 ದಿನವಾಗುತ್ತಿತ್ತು. ಜಪಾನಿನ ಮೇಷ್ಟರೂ ಗಿರಣಿಯ ಗುಮಾಸ್ತನೂ ರಜೆಯಲ್ಲಿ ಹೆಚ್ಚು ಕಡಿಮೆ ಒಂದೇ ಬೆಂಚಿನವರು!

ಜೆಟ್ ಮೇಷ್ಟರಿಗೆ ಆಗಸ್ಟ್ ತಿಂಗಳ ಸಂಬಳವಾದರೂ ಪೂರ್ತಿ ಬರುತ್ತದೆ. ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಗಳೂ ಅಲ್ಲಿ ಇವೆ. ಅಂಥ ಕೆಲವು ಕಂಪನಿಗಳ ಕರಾರಿನಲ್ಲಿ ಆಗಸ್ಟ್, ಡಿಸೆಂಬರ್, ಮಾರ್ಚ್ ತಿಂಗಳುಗಳ ಸಂಬಳ ಕಡಿಮೆ. ರಜೆ ಸಿಕ್ಕಿತು, ಆದರೆ ಬಾಡಿಗೆ ಯಾರು ಕೊಡಬೇಕು? ಸಂಬಳವಿಲ್ಲದ ರಜೆಗೆ ನಾವು ಗಿರಣಿಯಲ್ಲಿ ಬೇರೆ ಹೆಸರು ಇಟ್ಟಿದ್ದೇವೆ. ಅದನ್ನು ಇಲ್ಲಿ ಹೇಳುವುದು ಬೇಡ.

ಇನ್ನು ದಕ್ಷಿಣ ಕೊರಿಯಾ. ಇದು ನಮಗೆ ಹತ್ತಿರದ ವಿಷಯ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಿಂದ, ಇಂಗ್ಲಿಷ್ ವಿಷಯದಲ್ಲಿ ಪದವಿಯೂ ಶಿಕ್ಷಕರ ಅರ್ಹತಾಪತ್ರವೂ ಇರುವ ಭಾರತೀಯರಿಗೆ ಅಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಒಂದು ದಾರಿ ತೆರೆಯಿತು. ಅಲ್ಲಿ ವರ್ಷಕ್ಕೆ ಎರಡೇ ಅವಧಿ. ಮಾರ್ಚ್ ಮೊದಲಲ್ಲಿ ಆರಂಭವಾದದ್ದು ಜುಲೈ ನಡುವೆ ನಿಲ್ಲುತ್ತದೆ. ಆಗಸ್ಟ್ ಕೊನೆಗೆ ಮತ್ತೆ ಆರಂಭವಾಗಿ ವರ್ಷದ ಕೊನೆಯವರೆಗೆ ನಡೆಯುತ್ತದೆ. ಆಮೇಲೆ ಚಳಿಗಾಲದ ದೀರ್ಘ ರಜೆ. ಆದರೆ ಸರಕಾರಿ ಶಾಲೆಯಲ್ಲಿ ಆ ರಜೆಯ ಒಂದು ಭಾಗದಲ್ಲಿ ಇಂಗ್ಲಿಷ್ ಶಿಬಿರ ನಡೆಯುತ್ತದೆ, ನಡೆಸುವವರು ಪರದೇಶದ ಮೇಷ್ಟರೇ. ಹಗ್ವಾನ್ ಎಂಬ ಖಾಸಗಿ ಪಾಠಶಾಲೆಗಳಲ್ಲಂತೂ ಶಾಲೆಗೆ ರಜೆ ಬಂತೆಂದರೆ ಕೆಲಸ ಹೆಚ್ಚು. ಮನೆಯಲ್ಲಿರುವ ಹುಡುಗರನ್ನೆಲ್ಲ ತಂದೆತಾಯಿಗಳು ಅಲ್ಲಿಗೆ ಅಟ್ಟುತ್ತಾರೆ.

ಕೊರಿಯಾದ ಇನ್ನೊಂದು ನಿಯಮವನ್ನು ನೆನಪಿಡಬೇಕು. ಪೂರ್ತಿ ಒಂದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸುಮಾರು ಒಂದು ತಿಂಗಳ ಸಂಬಳ ಹೆಚ್ಚಿಗೆ ಸಲ್ಲಬೇಕೆಂದು ಕಾನೂನು ಇದೆ. ಊರಿನ ಜಾತ್ರೆಗೆಂದು ಹನ್ನೊಂದನೆಯ ತಿಂಗಳಲ್ಲಿ ಗಂಟು ಕಟ್ಟಿದವರಿಗೆ ಅದು ದಕ್ಕುವುದಿಲ್ಲ.

ಥೈಲೆಂಡಿನಲ್ಲಿ ಶಾಲೆ ಮೇ ನಡುವೆ ತೆರೆಯುತ್ತದೆ. ಅಕ್ಟೋಬರಿನಲ್ಲಿ ಸುಮಾರು ಮೂರು ವಾರ ಬಿಡುವು. ನವೆಂಬರಿನಿಂದ ಮಾರ್ಚ್‌ವರೆಗೆ ಎರಡನೆಯ ಅವಧಿ, ಅನಂತರ ಬೇಸಿಗೆ. ಏಪ್ರಿಲ್ 13ರಿಂದ 15ರವರೆಗೆ ಸೊಂಕ್ರಾನ್ ಎಂಬ ಅವರ ಹೊಸ ವರ್ಷದ ಹಬ್ಬ. ನಮ್ಮ ಸಂಕ್ರಾಂತಿಯ ಮೂಲ ಪದವೇ ಅಲ್ಲಿಯೂ ಇದೆ. ಹೆಸರು ಇಂಪಾಗಿದೆ, ಕರಾರನ್ನು ಮಾತ್ರ ನೋಡಿಕೊಳ್ಳಬೇಕು. ಅಲ್ಲಿ ಕೆಲವು ಶಾಲೆಗಳು 12 ತಿಂಗಳಿಗೆ ಸಂಬಳ ಕೊಡುತ್ತವೆ, ಕೆಲವು 10 ತಿಂಗಳಿಗೆ ಮಾತ್ರ. ಉದಾಹರಣೆಗೆ, ತಿಂಗಳಿಗೆ 30,000 ಬಾತ್ ಎಂದು ಹಿಗ್ಗಿ ಹೋದವರಿಗೆ ಕೊಡುವುದು 10 ತಿಂಗಳ ಸಂಬಳವಾದರೆ, ವರ್ಷಕ್ಕೆ ಹಂಚಿ ನೋಡಿದಾಗ ತಿಂಗಳಿಗೆ 25,000 ಬಾತ್ ಮಾತ್ರ. ತಿಂಗಳಿಗೆ 27,000ದಂತೆ 12 ತಿಂಗಳು ಕೊಡುವ ಶಾಲೆಯೇ ಮೇಲು.

ಚೀನದಲ್ಲಿ ಸೆಪ್ಟೆಂಬರಿಗೆ ವರ್ಷಾರಂಭ. ಎರಡನೆಯ ಅವಧಿ ಅವರ ವಸಂತ ಹಬ್ಬದ ಆಮೇಲೆ. ಆ ಹಬ್ಬ ಚಂದ್ರನ ಲೆಕ್ಕದ್ದು, ನಮ್ಮ ಪಂಚಾಂಗದ ಹಬ್ಬಗಳಂತೆ ವರ್ಷ ವರ್ಷವೂ ಹಿಂದೆ ಮುಂದೆ ಸರಿಯುತ್ತದೆ. ಅದರೊಡನೆ ಶಾಲೆಯ ದಿನಗಳೂ ಸರಿಯುತ್ತವೆ. ದೊಡ್ಡ ಹಬ್ಬಕ್ಕೆ ಸಾಲಾಗಿ ರಜೆ ಕೊಟ್ಟು, ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರ ಕೆಲಸ ಮಾಡಿಸುವ ಪದ್ಧತಿಯೂ ಅಲ್ಲಿ ಇದೆ. ಬದಲಿ ಪಾಳಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹಬ್ಬಗಳನ್ನು ಈ ಲೆಕ್ಕಕ್ಕೆ ಹೊಂದಿಸಿ ನೋಡಿದರೆ, ದೀಪಾವಳಿ ಜಪಾನಿನಲ್ಲಿಯೂ ಕೊರಿಯಾದಲ್ಲಿಯೂ ಚೀನದಲ್ಲಿಯೂ ಅವಧಿಯ ನಟ್ಟನಡುವೆ ಬೀಳುತ್ತದೆ. ಅಕ್ಟೋಬರಿನ ದಸರಾ ಥೈಲೆಂಡಿನ ಬಿಡುವಿಗೆ ಕೂಡಿಬಂದರೂ ಬರಬಹುದು. ಯುಗಾದಿ ಮಾರ್ಚ್ ಕೊನೆಗೆ ಬಂದ ವರ್ಷ ಜಪಾನಿನ ಶಾಲೆ ಮುಚ್ಚಿರುತ್ತದೆ, ಆಗ ಒಂದೆರಡು ದಿನ ಕೇಳಿದರೆ ಪಾಠ ಕೆಡುವುದಿಲ್ಲ.

ಹೋಗಲಿರುವ ತರುಣ ತರುಣಿಯರಿಗೆ ನನ್ನ ಬಿನ್ನಹ ಇಷ್ಟೆ. ಸಹಿ ಹಾಕುವ ಮೊದಲು ಐದು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸಂಬಳ ವರ್ಷಕ್ಕೆ ಎಷ್ಟು ತಿಂಗಳು? ನನ್ನ ಸ್ವಂತ ರಜೆ ಎಷ್ಟು ದಿನ? ಅದನ್ನು ನಾನು ಬೇಕಾದಾಗ ತೆಗೆದುಕೊಳ್ಳಬಹುದೇ, ಶಾಲೆ ಹೇಳಿದಾಗಲೇ? ಶಾಲೆ ಮುಚ್ಚಿದಾಗ ನಾನು ಹಾಜರಿರಬೇಕೇ? ಮನೆಯಲ್ಲಿ ಸಾವು, ಕಾಯಿಲೆ ಒದಗಿದರೆ ಏನು ವ್ಯವಸ್ಥೆ? ಈ ಐದನೆಯ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಆದರೆ ದೂರದಲ್ಲಿ ದುಡಿಯುವವರಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ತಂತಿ ಬಂದ ರಾತ್ರಿ ಊರಿನ ಗಾಡಿ ಹಿಡಿಯಲು ಓಡಿದವರು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ.

ಮನೆಯಲ್ಲಿರುವ ಹಿರಿಯರಿಗೂ ಒಂದು ಮಾತು. ಮಗಳು ಬೇಸಿಗೆಯಲ್ಲಿ ಬರಲಿಲ್ಲವೆಂದರೆ ಅವಳಿಗೆ ಮನೆ ಬೇಡವಾಯಿತೆಂದು ಅರ್ಥವಲ್ಲ. ಅವಳು ಖಾಲಿ ಶಾಲೆಯಲ್ಲಿ ಮೇಜಿನ ಮುಂದೆ ಕುಳಿತು ದಿನ ಎಣಿಸುತ್ತಿರಬಹುದು. ಮುಹೂರ್ತ ಗೊತ್ತುಮಾಡುವ ಮೊದಲು ಅವಳ ರಜೆ ಪುಸ್ತಕವನ್ನು ಒಮ್ಮೆ ಕೇಳಿ. ಪುರೋಹಿತರು ಹತ್ತು ದಿನ ಹಿಂದೆ ಮುಂದೆ ಮಾಡಿಕೊಟ್ಟಾರು. ಕರಾರು ಹಾಗೆ ಸರಿಯುವುದಿಲ್ಲ.

ಕರಾರು ಪತ್ರ ಕೈಯಲ್ಲಿದ್ದವರು ಸಂಜೆ ಮೇಜಿನ ಬಳಿ ಬನ್ನಿ, ಕೂಡಿ ಓದೋಣ.