ಹಿಮ್ಮಡಿ ನೆಲ ಮುಟ್ಟಬೇಕೆಂದರೆ



ಮೊಳಕಾಲ್ಮೂರು, ಚಳ್ಳಕೆರೆ ಕಡೆ ಮಗು ತುದಿಗಾಲಲ್ಲೇ ನಡೆದರೆ "ನರ ಬಿಗ್ದೈತೆ ಕಣಮ್ಮಾ, ಎಣ್ಣೆ ತಿಕ್ಕು" ಅನ್ನುತ್ತಾರೆ.  ಬಿಗಿ ಇರುವುದು ನಿಜವೇ. ಆದರೆ ಅದಕ್ಕೆ ಕಾರಣ ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯಾಗಿದ್ದರೆ, ಪೆಟ್ಟು ಬಿದ್ದಿರುವುದು ಮಿದುಳಿಗೆ. ಅದು ಕಾಣಿಸಿಕೊಳ್ಳುವುದು ಕಾಲಿನಲ್ಲಿ. ಇದು ವೈದ್ಯರಿಗೂ ಬೇಗ ತಿಳಿದದ್ದಲ್ಲ.

ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ ಅವರಿಗೆ ಎಳವೆಯಲ್ಲಿ ಪೋಲಿಯೊ ಬಂದು ಎಡಪಾದ ಸೊಟ್ಟಗಾಗಿತ್ತು. 1836ರಲ್ಲಿ ಜರ್ಮನಿಯ ವೈದ್ಯ ಸ್ಟ್ರೋಮೆಯರ್ ಚರ್ಮದಲ್ಲಿ ಸಣ್ಣ ತೂತು ಮಾಡಿ ಅವರ ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸಿದರು. ಆಗಿನ್ನೂ ಈಥರ್ ಅರಿವಳಿಕೆಯೂ ಬಂದಿರಲಿಲ್ಲ! ಪಾದ ನೆಟ್ಟಗಾಯಿತು. ಲಿಟ್ಲ್ ಆ ವಿದ್ಯೆ ಕಲಿತು ಲಂಡನ್ನಿಗೆ ಮರಳಿದರು. ಕಷ್ಟದ ಹೆರಿಗೆಗೂ ಉಸಿರುಗಟ್ಟಿ ಹುಟ್ಟಿದ ಕೂಸಿನ ಬಿಗಿದ ಕಾಲಿಗೂ ಇರುವ ನಂಟನ್ನು 1861ರಲ್ಲಿ ಹೆರಿಗೆ ವೈದ್ಯರ ಸಂಘದ ಮುಂದಿಟ್ಟವರೂ ಅವರೇ.

ಅದೇ ಶಸ್ತ್ರಚಿಕಿತ್ಸೆಯನ್ನು ಈ ಮಕ್ಕಳಿಗೂ ಮಾಡುವುದರಲ್ಲೇ ತೊಡಕಿತ್ತು. ಪೋಲಿಯೊದಲ್ಲಿ ಸ್ನಾಯು ಸೋತಿರುತ್ತದೆ, ಸೆರೆಬ್ರಲ್ ಪಾಲ್ಸಿಯಲ್ಲಿ ಸೆಟೆದಿರುತ್ತದೆ. ಎರಡಕ್ಕೂ ಒಂದೇ ಕತ್ತಿ ಹಿಡಿದರೆ ಹೇಗೆ? ಹಿಮ್ಮಡಿಯ ಸ್ನಾಯುರಜ್ಜುವನ್ನು ಅತಿಯಾಗಿ ಸಡಿಲಿಸಿದರೆ ಹಿಮ್ಮಡಿಯೇನೋ ಇಳಿಯುತ್ತದೆ, ಆದರೆ ಮಂಡಿ ಕುಸಿದು ಮಗು ಬಗ್ಗಿಕೊಂಡೇ ನಡೆಯುತ್ತದೆ. ಅದನ್ನು ಸರಿಪಡಿಸುವುದು ಬಲು ಕಷ್ಟ.

ಬಿಗಿ ಎಲ್ಲಿದೆ ಎಂದು ತಿಳಿಯಲು ಸ್ವೀಡನ್ನಿನ ವೈದ್ಯ ಸಿಲ್ಫ್‌ವರ್‌ಶೋಲ್ಡ್ 1920ರ ದಶಕದಲ್ಲಿ ತೋರಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಮಗುವನ್ನು ಅಂಗಾತ ಮಲಗಿಸಿ, ಮೊದಲು ಮಂಡಿ ಮಡಿಸಿ, ಆಮೇಲೆ ನೀಡಿಸಿ, ಪಾದವನ್ನು ಮೇಲಕ್ಕೆ ಒತ್ತಿ ನೋಡುತ್ತಾರೆ. ಮಡಿಸಿದಾಗ ಬಾಗುವ ಪಾದ ನೀಡಿದಾಗ ಬಾಗದಿದ್ದರೆ, ಬಿಗಿ ಮಂಡಿಯ ಮೇಲಿನಿಂದ ಇಳಿಯುವ ಮೀನಖಂಡದ ಸ್ನಾಯುವಿನದು. ಅದನ್ನಷ್ಟೇ ಸಡಿಲಿಸಿದರೆ ಸಾಕು, ಹಿಮ್ಮಡಿಯ ಸ್ನಾಯುರಜ್ಜು ಮುಟ್ಟಬೇಕಿಲ್ಲ.

ವರ್ಷಕ್ಕೊಂದು ಆಪರೇಷನ್ ಮಾಡುತ್ತಿದ್ದ ಕಾಲವೂ ಇತ್ತು. ಟೊರಾಂಟೊದ ವೈದ್ಯ ಮರ್ಸರ್ ರ‍್ಯಾಂಗ್ ಅದನ್ನು 'ಹುಟ್ಟುಹಬ್ಬದ ಕಾಯಿಲೆ' ಎಂದು ಅಣಕಿಸಿದ್ದರು. ಮಕ್ಕಳು ಪ್ರತಿ ಹುಟ್ಟುಹಬ್ಬಕ್ಕೂ ಆಸ್ಪತ್ರೆಯಲ್ಲೇ ಇರುತ್ತಿದ್ದರಲ್ಲ! ಈಗ ಮಗು ದೊಡ್ಡದಾಗುವವರೆಗೆ ಕಾದು, ಬೇಕಾದದ್ದನ್ನೆಲ್ಲ ಒಂದೇ ಸಲಕ್ಕೆ ಮಾಡುವುದೇ ಮೇಲೆನ್ನುತ್ತಾರೆ. ಅಲ್ಲಿಯವರೆಗೆ ವ್ಯಾಯಾಮ, ಹಂತಹಂತವಾಗಿ ಬದಲಿಸುವ ಸರಣಿ ಪ್ಲಾಸ್ಟರ್, ಪಾದವನ್ನು ನೆಟ್ಟಗೆ ಹಿಡಿಯುವ ಸ್ಪ್ಲಿಂಟ್. 1990ರ ದಶಕದಿಂದ ಸ್ನಾಯು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್ನೂ ಇದೆ. ಅದರ ಗುಣ ಕೆಲವೇ ತಿಂಗಳು.

ನಮ್ಮ ದೇಶದಲ್ಲಿ ಈ ಮಕ್ಕಳಿಗಾಗಿ ಮಿಥು ಅಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಎಂಬ ಸಂಸ್ಥೆ ಕಟ್ಟಿದರು. 1980ರ ದಶಕದಲ್ಲಿ ಬೆಂಗಳೂರಿನಲ್ಲೂ ಸ್ಪಾಸ್ಟಿಕ್ಸ್ ಸೊಸೈಟಿ ಕೆಲಸ ಮಾಡುತ್ತಿತ್ತು. 2013ರಿಂದ ಅಂಗನವಾಡಿ, ಶಾಲೆಗಳಿಗೆ ಆರೋಗ್ಯ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆ ತಂಡಕ್ಕೆ ಇಂಥ ಮಕ್ಕಳನ್ನು ಗುರುತಿಸುವ ಹೊಣೆಯಿದೆ.

ನಮ್ಮ ಬಿಸಿಲಿಗೆ ಸ್ಪ್ಲಿಂಟ್ ಒಳಗೆ ಕಾಲು ಬೆವರುತ್ತದೆ, ಮಗು ಕಿತ್ತೆಸೆಯುತ್ತದೆ. ಒಳಗೊಂದು ಹತ್ತಿಯ ಕಾಲುಚೀಲ ಹಾಕಿ. ಬಿಚ್ಚಿದಾಗ ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಸ್ಪ್ಲಿಂಟನ್ನು ಸರಿಮಾಡಿಸಬೇಕು. ಕಾಲು ಬೆಳೆದಂತೆ ಹೊಸ ಅಳತೆ ಬೇಕು. ಅದಕ್ಕಾಗಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.