ಪ್ರತಿಕಾಯವನ್ನು ಕಾಪಾಡುವ ಕೆಲಸ



ಸವಳಂಗದ ಈ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನನ್ನ ದಿನನಿತ್ಯದ ಕೆಲಸದ ಬಗ್ಗೆಯೇ ಮಾತಾಡಬೇಕೆಂದು ಕೇಳಿದ್ದೀರಿ. ಲ್ಯಾಬಿನಲ್ಲಿ ನನ್ನ ಕೆಲಸ ಪಾಲಿಕ್ಲೋನಲ್ ಪ್ರತಿಕಾಯಗಳ ಜೊತೆ. ಹೆಸರು ಹೊಸದೆನಿಸಬಹುದು, ವಸ್ತು ಹೊಸದಲ್ಲ. ರಾತ್ರಿ ಕರೆಂಟ್ ಬಂತೆಂದು ಅಡಿಕೆ ತೋಟಕ್ಕೆ ನೀರು ಬಿಡಲು ಹೋದವರಿಗೆ ಹಾವು ಕಚ್ಚಿದರೆ, ಆಸ್ಪತ್ರೆಯಲ್ಲಿ ಕೊಡುವ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಎದುರಾದ ಔಷಧ, ಇದೇ.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಬಹಳ ಸ್ವಲ್ಪದಿಂದ ಶುರುಮಾಡಿ ಕುದುರೆಗೆ ಚುಚ್ಚುತ್ತಾ ಹೋಗುತ್ತಾರೆ. ಅದರ ಮೈ ವಿಷಕ್ಕೆ ಎದುರಾಗಿ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಆಮೇಲೆ ರಕ್ತ ತೆಗೆದು, ಪ್ಲಾಸ್ಮಾದಿಂದ ಆ ಪ್ರತಿಕಾಯವನ್ನು ಶುದ್ಧಿಮಾಡುತ್ತಾರೆ. ಒಂದು ಪ್ರಾಣಿಯ ರಕ್ತದ ಗುಣವನ್ನು ಇನ್ನೊಂದಕ್ಕೆ ದಾಟಿಸಿ ರೋಗ ತಡೆಯಬಹುದೆಂದು ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಸಾಟೊ ತೋರಿಸಿದ್ದು 1890ರಲ್ಲಿ.

ನಮ್ಮ ಸೀಮೆಯ ಹೋರಿ ಹಬ್ಬದಲ್ಲಿ ಓಡುವ ಹೋರಿಯನ್ನು ಒಬ್ಬ ಕೊಂಬಿಗೆ, ಒಬ್ಬ ಕೊರಳಿಗೆ, ಒಬ್ಬ ಹಿಣಿಲಿಗೆ ಬಿದ್ದು ಹಿಡಿಯುತ್ತಾರಲ್ಲ, ಪಾಲಿಕ್ಲೋನಲ್ ಪ್ರತಿಕಾಯಗಳು ಹಾಗೆ: ಒಂದೇ ಪ್ರೋಟೀನನ್ನು ಹಲವು ಕಡೆಯಿಂದ ಹಿಡಿಯುತ್ತವೆ. ಸಂಶೋಧನೆಗೆ ಹೆಚ್ಚಾಗಿ ಮೊಲ, ಮೇಕೆಗಳಿಂದ ತೆಗೆಯುತ್ತೇವೆ. ಆದರೆ ಒಂದು ಮೊಲದ್ದು ಇನ್ನೊಂದರ ಹಾಗಿರುವುದಿಲ್ಲ. ಹೊಸ ಬ್ಯಾಚ್ ಬಂದಾಗಲೆಲ್ಲ ಹಳೆಯದರ ಪಕ್ಕ ಇಟ್ಟು ಪರೀಕ್ಷಿಸಲೇಬೇಕು. ಚುಚ್ಚುವ ಮೊದಲೇ ಆ ಪ್ರಾಣಿಯಿಂದ ತೆಗೆದ ಸೀರಮ್ಮನ್ನೂ ಜೊತೆಗಿಟ್ಟು ನೋಡಬೇಕು, ಇಲ್ಲದಿದ್ದರೆ ಸುಳ್ಳು ಫಲಿತಾಂಶವನ್ನೇ ನಿಜವೆಂದು ನಂಬಿಬಿಡುತ್ತೇವೆ.

ಹಾವಿನ ವಿಷದಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆ. ದೇಶದ ಎಎಸ್‌ವಿಗೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ, ಔಷಧದ ಬಲವೂ ಅದರಂತೆ ಹೆಚ್ಚುಕಡಿಮೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಆಯಾ ಸೀಮೆಯ ಹಾವುಗಳ ವಿಷದಿಂದಲೂ ಔಷಧ ತಯಾರಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಲೆಕ್ಕ ಸಿಕ್ಕರೆ ಎಲ್ಲಿಗೆ ಎಷ್ಟು ಔಷಧ ಬೇಕೆಂಬುದೂ ಗೊತ್ತಾಗುತ್ತದೆ.

ಇನ್ನು ಪ್ರತಿಕಾಯವನ್ನು ಕೆಡದಂತೆ ಇಡುವ ವಿಚಾರ. ಕಾಲೇಜು ಮಕ್ಕಳು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಪ್ರತಿಕಾಯ ಒಂದು ಪ್ರೋಟೀನು. ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿದರೆ ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ಹಿಡಿಯುವ ಶಕ್ತಿ ಹೋಗುತ್ತದೆ. ಅದಕ್ಕೇ ಬಾಟಲಿ ಬಂದ ದಿನವೇ ಒಂದೊಂದು ಪ್ರಯೋಗಕ್ಕೆ ಸಾಕಾಗುವಷ್ಟನ್ನು ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿ, ಯಾವ ಪ್ರಾಣಿ, ಯಾವ ಬ್ಯಾಚ್, ಯಾವ ತಾರೀಖು ಎಂದು ಬರೆದು ಮೈನಸ್ 20 ಡಿಗ್ರಿಯಲ್ಲಿ ಇಡುತ್ತೇವೆ. ತಾನಾಗಿಯೇ ಮಂಜು ಕರಗಿಸಿಕೊಳ್ಳುವ ಫ್ರೀಜರ್ ಬೇಡ, ಅದರೊಳಗೆ ಬಿಸಿ ಏರಿಳಿಯುತ್ತಿರುತ್ತದೆ. ಅರ್ಧದಷ್ಟು ಗ್ಲಿಸರಾಲ್ ಬೆರೆಸಿದರೆ ಆ ಚಳಿಯಲ್ಲೂ ಗಟ್ಟಿಯಾಗದೆ ಉಳಿಯುತ್ತದೆ. ಸದ್ಯಕ್ಕೆ ಬಳಸುವ ಟ್ಯೂಬನ್ನು 4 ಡಿಗ್ರಿಯಲ್ಲಿ ಇಟ್ಟರಾಯಿತು, ಆದರೆ ಫ್ರಿಜ್ಜಿನ ಬಾಗಿಲಲ್ಲಿ ಅಲ್ಲ.

ಆಸ್ಪತ್ರೆಯಲ್ಲೂ ಇದೇ ಎಚ್ಚರ. ದ್ರವರೂಪದ ಎಎಸ್‌ವಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಪುಡಿಯಾದರೆ ಕರೆಂಟ್ ಹೋದರೂ ತಡೆಯುತ್ತದೆ, ಹಾಗಾಗಿ ಹಳ್ಳಿಗಳಿಗೆ ಅದೇ ಅನುಕೂಲ. ನರ್ಸಮ್ಮ ಅದಕ್ಕೆ 10 ಮಿಲಿ ಶುದ್ಧ ನೀರು ಹಾಕಿ ನಿಧಾನಕ್ಕೆ ತಿರುಗಿಸುತ್ತಾರೆ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ನೊರೆಯಲ್ಲಿ ಪ್ರೋಟೀನು ಕೆಡುತ್ತದೆ. ಅವರು ಕುಲುಕದೆ ಕಾಯುತ್ತಿದ್ದಾರೆಂದರೆ ತಡ ಮಾಡುತ್ತಿದ್ದಾರೆಂದು ದಯವಿಟ್ಟು ಗದರಬೇಡಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಔಷಧಿಗೆಂದು ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ.

ಮಕ್ಕಳು ಮಾದರಿಗಳ ಮುಂದೆ ಆಗಲೇ ಕಾಯುತ್ತಾ ನಿಂತಿದ್ದಾರೆ. ಪ್ರದರ್ಶನ ಉದ್ಘಾಟನೆಯಾಯಿತೆಂದು ಸಂತೋಷದಿಂದ ಹೇಳುತ್ತೇನೆ. ಪ್ರತಿಯೊಬ್ಬರನ್ನೂ ಒಂದಾದರೂ ಪ್ರಶ್ನೆ ಕೇಳಿ.