ಮಹಾಗಣಕದ ಒಳಮನೆ
(ಶತಮಾನೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮೈನ್‌ಫ್ರೇಮ್ ಎಂಬ ಮಹಾಗಣಕಗಳ ಕಾರ್ಯಾಚರಣ ವ್ಯವಸ್ಥೆಯನ್ನು ಕಾಯುವ ಉದ್ಯೋಗ ಈ ಶಾಲೆಯಲ್ಲಿ ಕಲಿತ ನಮ್ಮಂಥ ಕೆಲವರ ಪಾಲಿಗೆ ಬಂದಿತು. ಬ್ಯಾಂಕು, ವಿಮೆಗಳ ಲೆಕ್ಕ ಹಗಲಿರುಳು ನಿಲ್ಲದಂತೆ ನೋಡಿಕೊಳ್ಳುವ ಸಿಸ್ಟಮ್ಸ್ ಪ್ರೋಗ್ರಾಮರುಗಳು ನಾವು. ನಮ್ಮಲ್ಲಿ ಹಲವರು ನಿವೃತ್ತಿಯ ಹೊಸ್ತಿಲಲ್ಲಿದ್ದೇವೆ. ಈ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವುದು ಹೇಗೆಂಬುದೇ ನಮ್ಮನ್ನು ಕಾಡುತ್ತಿರುವ ಪ್ರಶ್ನೆ.

ಐಬಿಎಂ ಸಂಸ್ಥೆಯು ಸಿಸ್ಟಮ್/360 ಗಣಕಗಳನ್ನು ಪ್ರಕಟಿಸಿದ್ದು 1964ರ ಏಪ್ರಿಲ್ 7ರಂದು. ಅವುಗಳ ಕಾರ್ಯಾಚರಣ ವ್ಯವಸ್ಥೆ ಮುಂದೆ ಎಂವಿಎಸ್ ಎನಿಸಿ, ಇಂದು ಝಡ್/ಓಎಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹೆಸರು ಬದಲಾದರೂ ಒಳಮನೆಯ ಬಾಗಿಲು ಬದಲಾಗಲಿಲ್ಲ. ಸ್ಮರಣಕೋಶದ 16ನೆಯ ಸ್ಥಾನದಲ್ಲಿ ಒಂದು ವಿಳಾಸವಿರುತ್ತದೆ. ಅಲ್ಲಿಗೆ ಹೋದರೆ ಸಿವಿಟಿ ಎಂಬ ಕೋಷ್ಟಕ. ಅಲ್ಲಿಂದ ಒಂದೊಂದೇ ವಿಳಾಸ ಹಿಡಿದು ನಡೆದರೆ, ಆಗ ನಡೆಯುತ್ತಿರುವ ಪ್ರತಿಯೊಂದು ಕೆಲಸದ ಕಡತವೂ ಸಿಕ್ಕುತ್ತದೆ. ಊರಿಗೆ ಹೊಸಬನಾದವನಿಗೆ ಒಂದು ಮನೆಯವರು ಮುಂದಿನ ಮನೆಯನ್ನು ತೋರಿಸಿಕೊಟ್ಟಂತೆ.

ನಮಗಿಂತ ಹಿಂದಿನವರು ಈ ವ್ಯವಸ್ಥೆಯ ಮೂಲಪಾಠವನ್ನೇ ಮೈಕ್ರೋಫಿಷ್ ಹಾಳೆಗಳಲ್ಲಿ ಓದಿ ಕಲಿತರು. ಮೂಲಪಾಠ ಕೊಡುವುದನ್ನು ನಿಲ್ಲಿಸುವ ನೀತಿಯನ್ನು ಐಬಿಎಂ 1983ರಲ್ಲಿ ಪ್ರಕಟಿಸಿತು. ಆ ಬಳಿಕ ಕಲಿಯುವವರಿಗೆ ನಿಜವಾದ ಪಠ್ಯಪುಸ್ತಕವಾಗಿ ಉಳಿದದ್ದು ಡಂಪ್, ಅಂದರೆ ಕೆಲಸ ಕೆಟ್ಟು ನಿಂತ ಕ್ಷಣದಲ್ಲಿ ಸ್ಮರಣಕೋಶದಲ್ಲಿದ್ದುದರ ಯಥಾಪ್ರತಿ.

ಎಸ್‌0ಸಿ7 ಎಂಬ ಸಂಕೇತದೊಡನೆ ಕೆಲಸವೊಂದು ನಿಂತಿತೆನ್ನೋಣ. ಪಿಎಸ್‌ಡಬ್ಲ್ಯೂ ಎಂಬ ಗುರುತು ತೋರಿಸುವುದು ಮುಂದಿನ ಆದೇಶವನ್ನು. ಎಡವಿದ ಆದೇಶವನ್ನು ಕಾಣಬೇಕಾದರೆ ಅದರ ಉದ್ದದಷ್ಟು ಹಿಂದೆ ಸರಿಯಬೇಕು. ಆ ಆದೇಶ ಕೂಡಿಸಲು ಹೊರಟ ಸಂಖ್ಯೆಯ ಜಾಗದಲ್ಲಿ 40404040 ಎಂದಿದೆ. ಇವು ಹದಿನಾರರ ಮಾನದ ಅಂಕಿಗಳು. ಹದಿನಾರು ನಾಲ್ಕಲಿ ಅರುವತ್ತನಾಲ್ಕು. ಈ ಗಣಕದ ಅಕ್ಷರಸಂಕೇತದಲ್ಲಿ 64 ಎಂದರೆ ಖಾಲಿ ಜಾಗ. ಮೊತ್ತವಿರಬೇಕಾದಲ್ಲಿ ಯಾರೂ ಏನನ್ನೂ ತುಂಬಿಲ್ಲ! ತುಂಬಬೇಕಾದವರು ಯಾರೆಂದು ಹುಡುಕುವುದಷ್ಟೇ ಇನ್ನುಳಿದ ಕೆಲಸ.

ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆದರೆ ಆ ಲೆಕ್ಕವನ್ನು ನಾವು ಮಾಡಿದ್ದು ಈ ಶಾಲೆಯ ಜಗಲಿಯಲ್ಲಿ ಬಾಯಿಪಾಠ ಮಾಡಿದ ಮಗ್ಗಿಯಿಂದ. 1957ರಲ್ಲಿ ನಯೇ ಪೈಸೆ ಬರುವ ತನಕ ರೂಪಾಯಿಗೆ ಹದಿನಾರಾಣೆ ಎಣಿಸುತ್ತಿದ್ದ ನಮ್ಮ ಹಿರಿಯರು ಈ ಕೆಲಸಕ್ಕೆ ಬಂದಿದ್ದರೆ ನಮಗಿಂತ ಬೇಗ ಕಲಿಯುತ್ತಿದ್ದರೋ ಏನೋ!

ಈಗಿನ ತರಬೇತಿಯಲ್ಲಿ ಹಲವೆಡೆ ಯಾವ ಪರದೆಯಲ್ಲಿ ಯಾವ ಕೀಲಿ ಒತ್ತಬೇಕೆಂಬುದಷ್ಟೇ ಪಾಠ. ಐಪಿಸಿಎಸ್ ಎಂಬ ಸಾಧನ ವಿಳಾಸಗಳ ಸರಪಳಿಯನ್ನು ತಾನೇ ಬಿಡಿಸಿ ತೋರಿಸುತ್ತದೆ, ನಿಜ. ನಾವೂ ದಿನವೂ ಅದನ್ನೇ ಬಳಸುತ್ತೇವೆ. ಆದರೆ ಸರಪಳಿಯೇ ತುಂಡಾಗಿರುವ ರಾತ್ರಿ ಕೈಯಿಂದಲೇ ದಾರಿ ಹುಡುಕಬೇಕು. ಪೆನ್ಸಿಲ್ ಹಿಡಿದು ಒಂದು ಡಂಪನ್ನಾದರೂ ಕೊನೆತನಕ ಓದದವರನ್ನು ಸಿಸ್ಟಮ್ಸ್ ಪ್ರೋಗ್ರಾಮರ್ ಎನ್ನಲು ನಮಗೆ ಮನಸ್ಸಿಲ್ಲ.

ಅಭ್ಯಾಸಕ್ಕೆ ಮಹಾಗಣಕವೇ ಬೇಕೆಂದಿಲ್ಲ. ಹರ್ಕ್ಯುಲಿಸ್ ಎಂಬ ಉಚಿತ ತಂತ್ರಾಂಶದ ಬಲದಿಂದ ಹಳೆಯ ಎಂವಿಎಸ್ 3.8 ಮನೆಯ ಗಣಕದಲ್ಲೇ ನಡೆಯುತ್ತದೆ. ಅದರ ಮೂಲಪಾಠವೂ ಓದಲು ದೊರೆಯುತ್ತದೆ. ಬರುವ ಓಣಂ ರಜೆಯಲ್ಲಿ ಒಂದು ವಾರ ಈ ಸಭಾಂಗಣದಲ್ಲೇ ಕನ್ನಡದಲ್ಲಿ ಪಾಠ ನಡೆಸಲು ಮುಖ್ಯೋಪಾಧ್ಯಾಯರು ಒಪ್ಪಿಗೆ ಕೊಟ್ಟಿದ್ದಾರೆ. ಹತ್ತನೆಯ ತರಗತಿ ಮುಗಿಸಿದವರೆಲ್ಲರೂ ಬರಬಹುದು. ಗಣಕವನ್ನೂ ಅಚ್ಚು ಹಾಕಿಸಿದ ಡಂಪನ್ನೂ ನಾವು ತರುತ್ತೇವೆ. ಪೆನ್ಸಿಲ್ ಮತ್ತು ಚೌಕುಳಿ ಪುಸ್ತಕ ನೀವು ತನ್ನಿ.